ಗಡಿಗೆಯ ಬೆನ್ನಿಗಂಟಿದ ಬೋಗುಣಿ

ಕೊಟ್ಟೂರಿನ ಬಸ್ ಸ್ಟ್ಯಾಂಡ್ ದಾಟಿ ಹರಪನಹಳ್ಳಿ ರಸ್ತೆಗೆ ಬಂದರೆ ಬೇವಿನ ಮರದ ಕೆಳಗೆ ಗಡಿಗೆಗಳ ರಾಶಿ ಕಾಣುತ್ತದೆ. ರಾಶಿಯ ಹಿಂದೆ ಕೂತವಳೇ ಉಚ್ಚಂಗೆಮ್ಮ. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಗಂಟಲು. ಹೊಟ್ಟೆಕಿಚ್ಚು ಅವಳಿಗೆ ಹೊಸದೇನಲ್ಲ. ಪಕ್ಕದ ಸೌತೆಕಾಯಿ ಗಾಡಿಗೆ ಒಬ್ಬ ಗಿರಾಕಿ ಜಾಸ್ತಿ ಬಂದರೂ ಎದೆಯೊಳಗೆ ಸಣ್ಣಗೆ ಹೊಗೆಯಾಡುತ್ತದೆ. ಓರಗಿತ್ತಿ ಹೊಸ ಮಿಕ್ಸಿ ತಂದರೆ, ಅದರ ಸದ್ದಿಗೆ ಕೂಸುಗಳು ಬೆಚ್ಚಿ ಬೀಳುತ್ತವೆ ಎಂದು ಓಣಿಗೆಲ್ಲ ಹೇಳಿ ಬರುತ್ತಾಳೆ. ಇವೆಲ್ಲ ಮಧ್ಯಾಹ್ನ ಹತ್ತಿಕೊಂಡು ಸಂಜೆಗೆ ಆರುವ ಕಿಚ್ಚು. ಆರದೆ ಉಳಿದದ್ದು ಒಂದೇ, ಅದು ತಿಗರಿಯದು, ಅಪ್ಪನ ಮನೆಯ ಕುಂಬಾರಚಕ್ರದ್ದು.

ಅವಳು ಚಿಗಟೇರಿಯ ಕುಂಬಾರ ಹುಲುಗಣ್ಣನ ಮಗಳು. ಆ ಮನೆಯಲ್ಲಿ ಹೆಣ್ಣುಮಕ್ಕಳು ಕೆರೆಯಿಂದ ಮಣ್ಣು ತರಬಹುದಿತ್ತು, ಹರಳು ಆರಿಸಬಹುದಿತ್ತು, ಬೂದಿ ಬೆರೆಸಿ ತುಳಿಯಬಹುದಿತ್ತು. ಅಪ್ಪ ಕೋಲು ಹಾಕಿ ತಿಗರಿ ತಿರುಗಿಸಿ ದಪ್ಪನೆಯ ಹಸಿ ಗಡಿಗೆ ಇಳಿಸಿ ಕೊಟ್ಟ ಮೇಲೆ, ಒಳಗೊಂದು ದುಂಡುಕಲ್ಲು ಹಿಡಿದು, ಹೊರಗೆ ಹಲಗೆಯಿಂದ ತಟ್ಟಿ ತಟ್ಟಿ ಅದರ ಹೊಟ್ಟೆ ಉಬ್ಬಿಸಬಹುದಿತ್ತು. ತಿಗರಿಯನ್ನು ಮಾತ್ರ ಮುಟ್ಟುವಂತಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಅಪ್ಪ ಉಣ್ಣಲು ಎದ್ದ ಹೊತ್ತಿನಲ್ಲಿ ಅದರ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮುಟ್ಟಿರಲಿಲ್ಲ, ಬರೀ ಕೂತಿದ್ದಳು. ಹುಲುಗಣ್ಣ ಬಂದವನೇ ಕೋಲಿನಿಂದ ನೆಲ ಕುಟ್ಟಿ, "ಏಳು ಅತ್ತಾಗ, ಅದು ನಿನ್ನ ಜಾಗಲ್ಲ" ಅಂದಿದ್ದ.

ಜಾಗ ತಮ್ಮ ಹಂಪೇಶನದು. ಹಂಪೇಶನಿಗೋ ಮಣ್ಣೆಂದರೆ ತಾತ್ಸಾರ. ಅವನ ಕೈಯಲ್ಲಿ ಗಡಿಗೆ ಏಳುವುದರೊಳಗೆ ಒಂದು ಕಡೆಗೆ ವಾಲುತ್ತಿತ್ತು.

ಹುಲುಗಣ್ಣನಿಗೆ ಹೊಗಳಿಕೆಯ ಮಾತು ಗೊತ್ತಿರುವುದು ಒಂದೇ. ಸುಟ್ಟು ತೆಗೆದ ಗಡಿಗೆಯನ್ನು ಎಡಗೈಲಿ ಎತ್ತಿ ಹಿಡಿದು, ಬಲಗೈ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾನೆ. ಟಣ್ ಎಂದರೆ "ದನಿ ಐತಿ" ಅನ್ನುತ್ತಾನೆ. ದಬ್ ಎಂದರೆ "ಮೂಕ" ಅಂತ ಪಕ್ಕಕ್ಕೆ ಸರಿಸುತ್ತಾನೆ. ಉಚ್ಚಂಗೆಮ್ಮ ತಟ್ಟಿದ ಎಷ್ಟೋ ಗಡಿಗೆಗಳಿಗೆ ದನಿ ಇತ್ತು. ಆದರೆ ಆ ಮಾತು ತಿರುಗಿಸಿದ ಕೈಗೆ ಹೋಗುತ್ತಿತ್ತೇ ಹೊರತು ತಟ್ಟಿದ ಕೈಗಲ್ಲ. ಹಂಪೇಶ ಸೊಟ್ಟಗೆ ಇಳಿಸಿದ ದೊಡ್ಡ ನೀರಿನ ಹರವಿಯೊಂದನ್ನು ಅವಳು ಒಂದು ಮಧ್ಯಾಹ್ನವೆಲ್ಲ ತಟ್ಟಿ ನೆಟ್ಟಗೆ ಮಾಡಿದಾಗಲೂ ಅಪ್ಪ ಬಡಿದು ನೋಡಿ, "ದನಿ ಐತಿ ಹಂಪ್ಯಾ" ಅಂದಿದ್ದ. ಆ "ಹಂಪ್ಯಾ" ಅನ್ನುವುದು ಅವಳ ಕಿವಿಯಲ್ಲಿ ಮುಳ್ಳು ಮುರಿದಂತೆ ಉಳಿದುಬಿಟ್ಟಿತು. ಮದುವೆಯಾಗಿ ಕೊಟ್ಟೂರಿಗೆ ಬಂದಳು, ಗಂಡ ಸಿದ್ದಲಿಂಗನ ಆಟೋ ಒಂದರ ಮೇಲೆ ಸಂಸಾರ ಸಾಗದೆಂದು ರಸ್ತೆ ಬದಿಗೆ ಗಡಿಗೆ ಮಾರಲು ಕೂತಳು. ಹಂಪೇಶ ತಿಗರಿ ಬಿಟ್ಟು ಹೊಸಪೇಟೆಯಲ್ಲಿ ಟೆಂಪೋ ಓಡಿಸಲು ಹೋದ. ಮುಳ್ಳು ಮಾತ್ರ ಅಲ್ಲೇ ಇತ್ತು.

ಹೋದ ವರ್ಷ ಬೇಸಿಗೆ ಕಳೆಯುವ ಹೊತ್ತಿಗೆ ಲೈಟ್ ಕಂಬಕ್ಕೆ ಒಂದು ಹಾಳೆ ಅಂಟಿತು. ಹಳೆಯ ಹತ್ತಿ ಗೋದಾಮಿನಲ್ಲಿ ಪ್ರತಿ ಭಾನುವಾರ ಮಣ್ಣಿನ ಕೆಲಸದ ಶಿಬಿರ, ತಿಗರಿ ತಿರುಗಿಸುವುದನ್ನೂ ಪಿಂಗಾಣಿಯ ಹಾಗೆ ಹೊಳೆಯುವ ಗ್ಲೇಜ್ ಹಾಕುವುದನ್ನೂ ಕೈಹಿಡಿದು ಕಲಿಸುತ್ತಾರೆ, ಹೆಂಗಸರೂ ಬರಬಹುದು. ಕೊನೆಯ ಮಾತನ್ನು ಉಚ್ಚಂಗೆಮ್ಮ ಮತ್ತೆ ಮತ್ತೆ ಓದಿದಳು.

ಅವಳ ರಾಶಿಯ ಹಿಂದೆಯೇ ಸುಜಾತಾಳ ಬ್ಯೂಟಿ ಪಾರ್ಲರ್. ಸುಜಾತಾ ತೆಳ್ಳಗೆ, ಬೆಳ್ಳಗೆ, ಯಾವಾಗಲೂ ನಗುನಗುತ್ತಾ ಇರುವವಳು. ಉಚ್ಚಂಗೆಮ್ಮನಿಗೆ ಅವಳನ್ನು ಕಂಡರೆ ಆಗದಿರಲು ಇಷ್ಟೇ ಸಾಕಿತ್ತು.

"ಅಕ್ಕಾ, ಹೋಗಾಮೇನು? ನಾನೂ ಹೆಸರು ಬರಸೀನಿ," ಅಂದಳು ಸುಜಾತಾ ಪರದೆ ಸರಿಸಿ.

"ನೀನಾ? ಉಗುರಿನ್ಯಾಗ ಮಣ್ಣು ಹೊಕ್ಕರ ನಿನ್ನ ಪಾಲಿಷ್ ಗತಿ ಏನವಾ?"

"ದಿನಾ ಮಂದಿ ಮಾರಿಗೆ ಮುಲ್ತಾನಿ ಮಿಟ್ಟಿ ಮೆತ್ತತೀನಿ. ಅದೂ ಮಣ್ಣೇ ಅಲ್ಲೇನು? ಈ ಮಣ್ಣರ ನನ್ನ ಹುಬ್ಬು ಸೊಟ್ಟ ತಗದಿ ಅಂತ ಜಗಳಕ್ಕ ಬರಂಗಿಲ್ಲ."

ಮನೆಯಲ್ಲಿ ಸಿದ್ದಲಿಂಗ ಬೇಡವೆನ್ನಲಿಲ್ಲ. "ಹೋಗು ಮತ್ತ. ವಾರಕ್ಕೊಂದು ದಿನ ನಿನ್ನ ಬಾಯಿಗೆ ಬ್ಯಾರೇರು ಸಿಗಲಿ," ಅಂದು ಮಗ್ಗುಲಾದ.

ಕಲಿಸುವವನು ಭರತ್ ಎಂಬ ದಾವಣಗೆರೆ ಕಡೆಯ ಹುಡುಗ. ಗಡ್ಡ, ಮಣ್ಣು ಮೆತ್ತಿದ ಜೀನ್ಸು, ಎಲ್ಲರಿಗೂ ಬಹುವಚನ. ಗೋದಾಮಿನಲ್ಲಿ ಕರೆಂಟಿನ ತಿಗರಿಗಳು ಸಾಲಾಗಿ ನಿಂತಿದ್ದವು. ಕೋಲು ಬೇಡ, ಕಾಲಿನಡಿಯ ಪೆಡಲ್ ಒತ್ತಿದರೆ ಚಕ್ರ ತಾನೇ ತಿರುಗುತ್ತಿತ್ತು. ಉಚ್ಚಂಗೆಮ್ಮ ಸೀರೆ ಎತ್ತಿ ಕಟ್ಟಿ, ಯಾರನ್ನೂ ಕೇಳದೆ ಮೊದಲನೆಯದರ ಮುಂದೆ ಕೂತಳು.

"ನಾನು ಚಿಗಟೇರಿ ಹುಲುಗಣ್ಣನ ಮಗಳ್ರಿ ಸಾರು. ಇದು ನಮಗ ರಕ್ತದಾಗ ಐತಿ. ಇವರಿಗೆ ಹೇಳಿಕೊಡ್ರಿ ನೀವು, ನನ್ನ ಚಿಂತಿ ಬಿಡ್ರಿ."

ಭರತ್ ಚಿಂತೆ ಬಿಟ್ಟ. ಅವಳು ಮುದ್ದೆ ಇಟ್ಟು ಪೆಡಲ್ ಒತ್ತಿ ಎರಡೂ ಕೈ ಹಾಕಿದಳು. ಮುದ್ದೆ ಒಮ್ಮೆ ತಲೆಯಾಡಿಸಿತು, ಇನ್ನೊಮ್ಮೆ ತಲೆಯಾಡಿಸಿತು, ಆಮೇಲೆ ಚಕ್ರ ಬಿಟ್ಟು ಹಾರಿ ಭರತನ ಅಂಗಿಯ ಎದೆಗೆ ಪಚ್ಚೆಂದು ಬಡಿಯಿತು.

"ರಕ್ತ ಸ್ವಲ್ಪ ಜೋರಾಗೇ ಇದೆ," ಅಂದ ಭರತ್ ಒರೆಸಿಕೊಳ್ಳುತ್ತಾ. ಎಲ್ಲರೂ ನಕ್ಕರು. ಸುಜಾತಾ ನಗಲಿಲ್ಲ. ಅದೇ ಇನ್ನೂ ಉರಿಯಿತು.

ಆ ಭಾನುವಾರ, ಅದರ ಮುಂದಿನ ಭಾನುವಾರ, ಅದರ ಮುಂದಿನದೂ ಹಾಗೆಯೇ ಹೋದವು. ಉಚ್ಚಂಗೆಮ್ಮನ ಕೈಯಲ್ಲಿ ಮಣ್ಣು ನಡುವಿಗೆ ಬಂದು ನಿಲ್ಲದು. ನಿಂತರೆ ಏಳದು, ಎದ್ದರೆ ತಿರುಚಿಕೊಂಡು ಕೂರುವುದು. ಪಕ್ಕದಲ್ಲಿ ಸುಜಾತಾಳ ಬೆರಳ ನಡುವೆ ಅದೇ ಮಣ್ಣು ಹಾಲು ಉಕ್ಕಿದಂತೆ ಏಳುತ್ತಿತ್ತು.

"ಹೆಂಗ್ ಮಾಡ್ತೀರಿ?" ಅಂತ ಭರತನೇ ಕೇಳಿದ.

"ಫೇಶಿಯಲ್ ಇದ್ದಂಗ ಸಾರು. ಗದ್ದದ ಕೆಳಗಿಂದ ಮ್ಯಾಲಕ ಒತ್ತಿಕೋತ ಹೋಗಬೇಕು. ಎಳೀಬಾರದು. ಎಳದ್ರ ಸುಕ್ಕು ಬೀಳತಾವು."

ಭರತ್ ಎಲ್ಲರನ್ನೂ ಕರೆದು ಅದನ್ನು ಇನ್ನೊಮ್ಮೆ ಹೇಳಿಸಿದ. ಉಚ್ಚಂಗೆಮ್ಮ ಕೈ ತೊಳೆಯುವ ನೆಪದಲ್ಲಿ ಎದ್ದು ಹೋದಳು. ನಲ್ಲಿಯ ಹತ್ತಿರ ನಿಂತ ಇನ್ನೊಬ್ಬ ಹೆಂಗಸಿಗೆ, "ಮಾರಿ ತಿಕ್ಕೋ ಕೈಲೆ ಮಣ್ಣು ತಿಕ್ಕಿದ್ರ ಮಣ್ಣಿಗೆ ಮರ್ವಾದಿ ಇರ್ತೈತೇನು?" ಅಂದಳು. ಆ ಹೆಂಗಸು, "ಚೊಲೋ ಬಂದೈತಲ್ಲ ಬಿಡ್ರಿ," ಅಂದಳು. ಅಲ್ಲೂ ಸುಖವಿಲ್ಲ.

ಮಣ್ಣನ್ನು ಎರಡು ಸಲ ಸುಡಬೇಕೆಂದು ಭರತ್ ಹೇಳಿದ್ದ. ಮೊದಲು ಬರೀ ಮಣ್ಣು, ಆಮೇಲೆ ಗ್ಲೇಜಿನಲ್ಲಿ ಅದ್ದಿ ಇನ್ನೊಮ್ಮೆ. ಮೊದಲ ಸಲ ಗ್ಯಾಸಿನ ಭಟ್ಟಿ ತೆಗೆದ ದಿನವೇ ಹುಲುಗಣ್ಣ ಗೋದಾಮಿಗೆ ಬಂದ. ಕಣ್ಣಿನ ಔಷಧಿಗೆಂದು ಕೊಟ್ಟೂರಿಗೆ ಬಂದಿದ್ದ ಮುದುಕನಿಗೆ, ಮಗಳು ತಿಗರಿ ಮುಂದೆ ಕೂರುತ್ತಿದ್ದಾಳೆಂದು ಅಳಿಯನೇ ಬಾಯಿಬಿಟ್ಟಿದ್ದ. ಬಾಗಿಲಲ್ಲಿ ಅಪ್ಪನ ರುಮಾಲು ಕಂಡಾಗ ಉಚ್ಚಂಗೆಮ್ಮನ ಬೆನ್ನು ತಾನೇ ನೆಟ್ಟಗಾಯಿತು, ನೆಲ ಕುಟ್ಟುವ ಕೋಲಿಗೆ ಕಾಯುವವರಂತೆ.

ಕೋಲು ಇರಲಿಲ್ಲ. ಹುಲುಗಣ್ಣ ಬೈಯಲೂ ಇಲ್ಲ. ಹಲಗೆ ಮೇಲೆ ಸಾಲಾಗಿಟ್ಟ ಸಾಮಾನುಗಳ ಮುಂದೆ ಮೆಲ್ಲಗೆ ನಡೆದ. ಉಚ್ಚಂಗೆಮ್ಮನದು ಗಿಡ್ಡ ದಪ್ಪ ಲೋಟ, ಬಾಯಿ ಸೊಟ್ಟ.

"ಇದ್ಯಾರದು?"

"ನಂದು ಅಪ್ಪಾ."

"ಹೂಂ," ಅಂದು ಮುಂದೆ ಹೋದ. ಬಡಿದು ಕೂಡ ನೋಡಲಿಲ್ಲ.

ಸುಜಾತಾಳ ಬೋಗುಣಿಯ ಮುಂದೆ ನಿಂತ. ಎಡಗೈಯಲ್ಲಿ ಎತ್ತಿ ಹಿಡಿದ, ಗೆಣ್ಣಿನಿಂದ ಬಡಿದ, ಕಿವಿ ಹತ್ತಿರ ತಂದ.

"ದನಿ ಐತಿ," ಅಂದ. "ಯಾರ ಮಗಳವಾ ನೀನು?"

"ಹಂಪಸಾಗರದಾಕಿ ಯಜ್ಜಾ. ಇಲ್ಲೇ ಪಾರ್ಲರ್ ಇಟಗೊಂಡೀನಿ. ದನಿ ಐತಿ ಅಂದ್ರ ಏನದು?"

ಹುಲುಗಣ್ಣ ವಿವರಿಸಿ ಹೇಳಿದ. ನಿಂತುಕೊಂಡು, ನಗುತ್ತಾ, ಗೋಡೆ ಒಂದೇ ದಪ್ಪ ಇದ್ದರೆ ಹೇಗೆ ಸದ್ದು ಬರುತ್ತದೆಂದು ಬೆರಳಾಡಿಸಿ ಹೇಳಿದ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಮಣ್ಣು ತುಳಿದವಳಿಗೆ ಇದನ್ನು ಅವನು ಒಂದು ದಿನವೂ ಹೇಳಿರಲಿಲ್ಲ. ಉಚ್ಚಂಗೆಮ್ಮನಿಗೆ ಹೊಟ್ಟೆಯೊಳಗೆ ಯಾರೋ ಗಡಿಗೆ ಸುಡುವ ಆವಿಗೆಗೆ ಕಿಚ್ಚಿಟ್ಟ ಹಾಗಾಯಿತು, ಒಳಗೊಳಗೇ ಕಟ್ಟಿಗೆ ಕುಸಿಯುವ ಕಿಚ್ಚು.

ಆ ವಾರವಿಡೀ ಅವಳು ಸುಜಾತಾಳ ಜೊತೆ ಮಾತು ಬಿಟ್ಟಳು. ಪಾರ್ಲರಿನ ಬಾಗಿಲಿಗೆ ಅಡ್ಡವಾಗಿ ದೊಡ್ಡ ಹರವಿಗಳನ್ನು ಪೇರಿಸಿಟ್ಟಳು. ಹುಬ್ಬು ತಿದ್ದಿಸಲು ಬಂದವರು ಸೀರೆ ಎತ್ತಿ ದಾಟಿ ಹೋದರು. ಸುಜಾತಾ ಬಂದವರಿಗೆಲ್ಲ, "ನೀರಿಗೆ ಗಡಿಗಿ ಒಯ್ರಿ, ಅಕ್ಕನ ಹತ್ರ ಚೊಲೋ ಅದಾವು," ಅಂತ ಹೇಳಿ ಕಳಿಸಿದಳು. ಹರವಿಗಳು ಎರಡೇ ದಿನಕ್ಕೆ ಖಾಲಿ. ಇಂಥವಳ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೂ ಹೇಗೆ ಎಂದು ಉಚ್ಚಂಗೆಮ್ಮನಿಗೆ ಇನ್ನಷ್ಟು ಸಿಟ್ಟು ಬಂತು.

ಮುಂದಿನ ಭಾನುವಾರ ಅವಳ ಮುದ್ದೆ ಮತ್ತೆ ತಿರುಚಿಕೊಂಡು ಬಿತ್ತು. ಪಕ್ಕದಿಂದ ಸುಜಾತಾ ಬಗ್ಗಿ ನೋಡಿದಳು.

"ಅಕ್ಕಾ, ಒಂದು ಮಾತು ಹೇಳ್ಲಿ? ಬೈಬ್ಯಾಡ."

"ಬೈಯೋದು ಬಿಡೋದು ನನ್ನ ಬಾಯಿ."

"ನಿನ್ನ ಕೈ ಗುಡಿ ಸುತ್ತಿದಂಗ ಬಲಕ್ಕ ಹೊಂಟಾವು. ಈ ಚಕ್ರ ಎಡಕ್ಕ ತಿರುಗ್ತೈತಿ. ನೀನು ಅದರ ಜೋಡಿ ಜಗಳಾ ಆಡಾಕತ್ತಿ."

ಉಚ್ಚಂಗೆಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. ಹೌದು. ಅಪ್ಪನ ತಿಗರಿ ತಿರುಗುತ್ತಿದ್ದದ್ದು ಬಲಸುತ್ತು. ಮುಟ್ಟಲು ಬಿಡದಿದ್ದರೇನಂತೆ, ಅಂಗಳದ ಮೂಲೆಯಲ್ಲಿ ಗಡಿಗೆ ತಟ್ಟುತ್ತಾ ಕೂತವಳು ವರ್ಷಗಟ್ಟಲೆ ಅದನ್ನೇ ನೋಡಿದ್ದಳು, ಕನಸಿನಲ್ಲೂ ಅದೇ ಕಡೆಗೆ ತಿರುಗಿಸಿದ್ದಳು. ಭರತ್ ಕೇಳಿಸಿಕೊಂಡು ಬಂದು, "ಅಯ್ಯೋ, ನಾನೇ ನೋಡಲಿಲ್ಲವಲ್ಲ," ಅಂತ ಹಣೆ ಬಡಿದುಕೊಂಡು ಚಕ್ರದ ಪಕ್ಕದ ಗುಂಡಿಯೊಂದನ್ನು ಅದುಮಿದ. ಚಕ್ರ ಬಲಕ್ಕೆ ತಿರುಗಿತು.

ಮಣ್ಣು ನಿಂತಿತು. ಒತ್ತಿದರೆ ಇಳಿಯಿತು, ಬಿಟ್ಟರೆ ಎದ್ದಿತು. ಹೆಬ್ಬೆಟ್ಟು ನಡುವಿಗೆ ಇಳಿದಾಗ ಅದು ಬಾಯಿ ತೆರೆದ ರೀತಿಗೆ ಅವಳ ಕಣ್ಣಲ್ಲಿ ನೀರು ಬಂತು. ಗೋಡೆ ಎದ್ದಿತು, ಹೊಟ್ಟೆ ಉಬ್ಬಿತು, ಕತ್ತು ಸಣ್ಣಗಾಯಿತು. ಆ ಗೋದಾಮಿನಲ್ಲಿ ಅಷ್ಟು ದೊಡ್ಡ ಗಡಿಗೆ ಅಲ್ಲಿಯವರೆಗೆ ಯಾರೂ ಇಳಿಸಿರಲಿಲ್ಲ. ಎಲ್ಲರೂ ಸುತ್ತ ನಿಂತು ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಸುಜಾತಾ.

ಆ ಚಪ್ಪಾಳೆ ಕೇಳಿ ಉಚ್ಚಂಗೆಮ್ಮನ ಸಂತೋಷದ ಮೇಲೆ ಬಿಸಿನೀರು ಹೊಯ್ದಂತಾಯಿತು. ಇದೂ ಅವಳು ಕೊಟ್ಟದ್ದೇ ಆಯಿತಲ್ಲ. ಅಪ್ಪನ ಮಾತೂ ಅವಳಿಗೇ ಹೋಯಿತು, ನನ್ನ ಕೈಯ ಗುಟ್ಟೂ ಅವಳಿಗೇ ಗೊತ್ತಾಯಿತು. ಮನೆಗೆ ಹೋದವಳೇ ಅಪ್ಪನಿಗೆ ಫೋನ್ ಮಾಡಿದಳು.

"ಗ್ಲೇಜಿನ ಭಟ್ಟಿ ತಗಿಯೋ ದಿನ ನೀನು ಬರಬೇಕು. ಬಸ್ಸಿಗರ ಬಾ, ಹಂಪ್ಯಾನ ಟೆಂಪೋಕ್ಕರ ಬಾ. ಬರಬೇಕು ಅಂದ್ರ ಬರಬೇಕು."

"ಯಾಕವಾ, ಏನೈತಿ ಅಂಥಾದ್ದು?"

"ಬಡದು ನೋಡಾಕೊಂದು ಐತಿ," ಅಂದು ಫೋನ್ ಇಟ್ಟಳು.

ಗಡಿಗೆ ಒಣಗಿತು, ಒಡೆಯದೆ ಮೊದಲ ಬೆಂಕಿ ದಾಟಿತು. ಗ್ಲೇಜ್ ಹಾಕುವ ದಿನ ಭರತ್ ಬಕೆಟ್ಟುಗಳಲ್ಲಿ ಬೂದು ಬಣ್ಣದ ಗಂಜಿ ಕಲಸಿಟ್ಟು, ಇದು ಭಟ್ಟಿಯೊಳಗೆ ಕರಗಿ ಗಾಜಾಗುತ್ತದೆ, ನೀಲಿಯಾಗಿ ಹೊಳೆಯುತ್ತದೆ ಅಂದ. ಇನ್ನೂ ಏನೇನೋ ಹೇಳಿದ. ಉಚ್ಚಂಗೆಮ್ಮನ ಕಿವಿ ಅಲ್ಲಿರಲಿಲ್ಲ. ಸುಜಾತಾ ಆ ಬೋಗುಣಿಯನ್ನು, ಹುಲುಗಣ್ಣ ಬಡಿದು ನೋಡಿದ ಅದೇ ಬೋಗುಣಿಯನ್ನು, ಗಂಜಿಯಲ್ಲಿ ಅದ್ದಿ ಎತ್ತುತ್ತಿದ್ದಳು. ಹನಿ ತೊಟ್ಟಿಕ್ಕುವುದನ್ನು ತಲೆ ವಾರೆ ಮಾಡಿ ನೋಡುತ್ತಿದ್ದಳು. ಭಟ್ಟಿ ತೆಗೆಯುವ ದಿನ ಅಪ್ಪ ಬಂದರೆ ಮೊದಲು ಅದಕ್ಕೇ ಕೈ ಹಾಕುತ್ತಾನೆ ಎಂಬ ಯೋಚನೆ ಉಚ್ಚಂಗೆಮ್ಮನ ತಲೆ ಹೊಕ್ಕು ಹೊರಗೆ ಬರಲೇ ಇಲ್ಲ.

ಭಟ್ಟಿ ತುಂಬುವ ಹೊತ್ತಿಗೆ ಗ್ಯಾಸ್ ಸಿಲಿಂಡರ್ ತಂದವನು ಹೊರಗೆ ಕೂಗಿದ. ಭರತ್ ಎದ್ದ.

"ನೀವು ಹೋಗ್ರಿ ಸಾರು, ಪೇರಿಸೋದು ನನಗ ಬಿಡ್ರಿ," ಅಂದಳು ಉಚ್ಚಂಗೆಮ್ಮ. "ಆವಿಗಿ ಪೇರಿಸಿ ಪೇರಿಸೇ ದೊಡ್ಡಾಕಿ ಆಗೀನಿ."

ಅದು ಸುಳ್ಳಲ್ಲ. ಚಿಗಟೇರಿಯ ಆವಿಗೆಯಲ್ಲಿ ಗಡಿಗೆಯ ಬೆನ್ನಿಗೆ ಗಡಿಗೆ, ಹೊಟ್ಟೆಗೆ ಹೊಟ್ಟೆ ತಾಗಿಸಿ ಒತ್ತೊತ್ತಾಗಿ ಪೇರಿಸುತ್ತಾರೆ. ಸಂದು ಬಿಟ್ಟರೆ ಒಂದರ ಮೇಲೊಂದು ಜಾರಿ ಬೀಳುತ್ತವೆ. ಅವಳ ಕೈಗೆ ಗೊತ್ತಿದ್ದದ್ದು ಅದು. ತನ್ನ ಗಡಿಗೆಯನ್ನು ಭಟ್ಟಿಯ ನಡುವಿನ ಕಲ್ಲುಹಲಗೆಯ ಮುಂಭಾಗಕ್ಕೆ ಇಟ್ಟಳು, ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವಂತೆ. ಬೋಗುಣಿಯನ್ನು ಅದರ ಹಿಂದೆ ಮೂಲೆಗೆ ತಳ್ಳಿದಳು. ಇನ್ನೂ ಅದರ ಅಂಚು ಕಾಣುತ್ತಿತ್ತು. ಗಡಿಗೆಯನ್ನು ಹಿಂದಕ್ಕೆ ಸರಿಸಿ ಬೋಗುಣಿಗೆ ಒರಗಿಸಿದಳು. ಈಗ ಕಾಣಲಿಲ್ಲ.

ಸುಜಾತಾ ಉಳಿದ ಲೋಟಗಳನ್ನು ತಂದವಳು ಇಣುಕಿ ನೋಡಿದಳು. "ಅಕ್ಕಾ, ಒಂದಕ್ಕೊಂದು ತಾಗಬಾರದು ಅಂದಿದ್ರಲ್ಲ ಸಾರು. ಸ್ವಲ್ಪ ಸಂದು ಬಿಡು."

"ಹೌದವಾ, ಇನ್ನ ಪಾರ್ಲರಿನಾಕಿ ಕುಂಬಾರರ ಮಗಳಿಗೆ ಆವಿಗಿ ಪೇರಿಸೋದು ಕಲಸಬೇಕು."

"ಹಂಗಲ್ಲಕ್ಕ..."

"ಹೆಂಗ ಮತ್ತ? ನಿಂದು ಮುಂದ ಇರಬೇಕಾಗಿತ್ತೇನು? ಯಜ್ಜ ಬಂದು ಬಡೀಲಿ ಅಂತ?"

ಸುಜಾತಾ ಲೋಟಗಳನ್ನು ಕೆಳಗಿಟ್ಟು ಹೋದಳು. ಭರತ್ ಬಂದು ಮುಂದಿನಿಂದ ಒಮ್ಮೆ ನೋಡಿದ, ಎಲ್ಲ ಸರಿ ಕಂಡಿತು. ಬಾಗಿಲು ಮುಚ್ಚಿದ.

ಭಟ್ಟಿ ಉರಿದು ಆರುವವರೆಗೆ ಉಚ್ಚಂಗೆಮ್ಮ ರಾಶಿಯ ಹಿಂದೆ ಕೂತು ಗಿರಾಕಿಗಳಿಗೆ ತಪ್ಪು ಚಿಲ್ಲರೆ ಕೊಟ್ಟಳು. ತೆಗೆಯುವ ದಿನ ಹುಲುಗಣ್ಣ ಬಸ್ಸಿಗೆ ಬಂದ, ತೊಳೆದ ರುಮಾಲು ಸುತ್ತಿಕೊಂಡು. ಮಗಳು ಕೈ ಹಿಡಿದು ಕರೆದುಕೊಂಡು ಹೋಗಿ ಭಟ್ಟಿಯ ಎದುರಿಗೇ ನಿಲ್ಲಿಸಿದಳು.

ಬಾಗಿಲು ತೆರೆಯಿತು. ಬೂದು ಗಂಜಿ ಎಲ್ಲಿ ಹೋಯಿತೋ, ನಡುವಿನಲ್ಲಿ ಅವಳ ಗಡಿಗೆ ಮೋಡ ಸರಿದ ಆಕಾಶದ ಬಣ್ಣದಲ್ಲಿ ಹೊಳೆಯುತ್ತಿತ್ತು. "ಆಹಾ," ಅಂದರು ಯಾರೋ.

"ಇದು ನಂದು ಅಪ್ಪಾ."

ಹುಲುಗಣ್ಣ ಕಣ್ಣು ಕಿರಿದು ಮಾಡಿ ನೋಡಿದ. ಹೊಳೆಯುವ ಮೈಯನ್ನು ಅಂಗೈಯಲ್ಲಿ ಸವರಿದ. ಬೆರಳ ಗೆಣ್ಣು ಗಡಿಗೆಯ ಮೇಲೆ ಬಿತ್ತು.

ದಬ್.

ಇನ್ನೊಮ್ಮೆ ಬಡಿದ. ದಬ್.

"ಮೂಕ," ಅಂದ. ಮೆಲ್ಲಗೇ ಅಂದ, ಪಾಪ. ಆದರೂ ಗೋದಾಮಿನ ಆ ತುದಿಗೂ ಕೇಳಿದಂತೆ ಅವಳಿಗನ್ನಿಸಿತು.

"ಹಂಗಾಗಬಾರದು," ಅಂತ ಭರತ್ ಬಗ್ಗಿ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಕ್ಕೆಳೆದ. ಗಡಿಗೆಯೊಂದೇ ಬರಲಿಲ್ಲ. ಅದರ ಬೆನ್ನಿಗೆ ಅಂಟಿಕೊಂಡು, ಬೆನ್ನಿಗೆ ಕಟ್ಟಿದ ಕೂಸಿನಂತೆ, ಸುಜಾತಾಳ ಬೋಗುಣಿಯೂ ಬಂತು. ಎರಡರ ಗ್ಲೇಜೂ ಕರಗಿ ಒಂದಾಗಿ, ತಾಗಿದ ಕಡೆ ಗಾಜಿನ ಬೆಸುಗೆಯಾಗಿತ್ತು.

"ತಾಗಿಸಿ ಇಟ್ಟಿದ್ರಾ?" ಅಂದ ಭರತ್.

ಸುಜಾತಾ ನೆಲ ನೋಡಿದಳು. "ನಾ ಹೇಳಿದ್ದೆ" ಅಂತ ಒಂದು ಮಾತು ಅಂದಿದ್ದರೆ ಉಚ್ಚಂಗೆಮ್ಮ ಬದುಕಿಕೊಳ್ಳುತ್ತಿದ್ದಳು, ಜಗಳವಾಡಿ ಎದ್ದು ಹೋಗುತ್ತಿದ್ದಳು. ಅವಳು ಅನ್ನಲಿಲ್ಲ.

ಭರತ್ ಬೆಸುಗೆಯನ್ನು ಬೆರಳಾಡಿಸಿ ನೋಡಿ ಹೇಳಿದ: "ಬಿಡಿಸೋಕೆ ಆಗಲ್ಲ. ಒಂದನ್ನ ಒಡೆದು ತೆಗೆದ್ರೆ ಇನ್ನೊಂದು ಉಳಿಯುತ್ತೆ. ಅಂಟಿರೋದಕ್ಕೇ ಸದ್ದು ಕಟ್ಟಿದೆ, ಬಿಟ್ಟರೆ ಬರಬಹುದು."

ಉಚ್ಚಂಗೆಮ್ಮನಿಗೆ ಅರ್ಥವಾಯಿತು. ಬೋಗುಣಿ ಒಡೆದರೆ ಗಡಿಗೆಗೆ ದನಿ ಬರುತ್ತದೆ. ಅಪ್ಪ ಇಲ್ಲೇ ನಿಂತಿದ್ದಾನೆ. ಬೆರಳೂ ಇನ್ನೂ ಮಡಚಿಯೇ ಇದೆ.

"ನಂದು ಒಡೀರಿ ಸಾರು," ಅಂದಳು ಸುಜಾತಾ. "ಬೋಗುಣಿ ಏನು, ನಾಳಿ ಇನ್ನೊಂದು ಮಾಡ್ಕೋತೀನಿ. ಅಕ್ಕನ ಗಡಿಗಿ ಉಳೀಲಿ."

"ದೊಡ್ಡ ಮನಸು ನೋಡವಾ," ಅಂದ ಹುಲುಗಣ್ಣ.

ಅಷ್ಟೇ. ಅದೊಂದು ಮಾತು ಸಾಕಾಯಿತು. ದನಿಯೂ ಅವಳದೇ, ಕೈಚಳಕವೂ ಅವಳದೇ, ಈಗ ದೊಡ್ಡ ಮನಸ್ಸೂ ಅವಳದೇ! ಹಾಗೆ ಉಳಿದ ಗಡಿಗೆಯನ್ನು ಅಪ್ಪ ಬಡಿದು "ದನಿ ಐತಿ" ಅಂದರೂ ಆ ದನಿಯಲ್ಲಿ ಅರ್ಧ ಸುಜಾತಾಳದ್ದೇ ಆಗಿಬಿಡುತ್ತಿತ್ತು. ಉಚ್ಚಂಗೆಮ್ಮ ಮೇಜಿನ ಮೇಲಿದ್ದ ಸುತ್ತಿಗೆ ಎತ್ತಿಕೊಂಡಳು. ಸುಜಾತಾ ಕಣ್ಣು ಮುಚ್ಚಿದಳು.

ಸುತ್ತಿಗೆ ಬಿದ್ದದ್ದು ಗಡಿಗೆಯ ಮೇಲೆ. ಒಡೆಯುವ ಆ ಒಂದು ಗಳಿಗೆಯಲ್ಲಿ ಅದು ಗುಡಿಯ ಗಂಟೆಗೆ ಏಟು ಬಿದ್ದಂತೆ ಟಣ್ಣೆಂದು ಕೂಗಿ, ಆಮೇಲೆ ಚೂರುಚೂರಾಗಿ ನೆಲಕ್ಕೆ ಬಿತ್ತು. ಭರತನ ಕೈಯಲ್ಲಿ ಬೋಗುಣಿ ಉಳಿಯಿತು, ಬೆನ್ನಿಗೊಂದು ನೀಲಿ ಚೂರು ಅಂಟಿಸಿಕೊಂಡು.

"ಹುಚ್ಚಿ ಏನಕ್ಕಾ ನೀನು!" ಅಂದಳು ಸುಜಾತಾ. ಮೊದಲ ಸಲ ಅವಳ ಗಂಟಲೂ ಏರಿತ್ತು. "ನಾನು ಒಡೀರಿ ಅಂದಿದ್ನಲ್ಲ!"

"ನಿನ್ನ ದಾನ ಯಾರು ಕೇಳಿದ್ರು?"

ಹುಲುಗಣ್ಣ ಬಗ್ಗಿ ಒಂದು ಚೂರು ಎತ್ತಿ ಅದರ ದಪ್ಪ ನೋಡಿದ. ಅಂಚಿನಿಂದ ಅಂಚಿಗೆ ಒಂದೇ ಸಮ. "ದನಿ ಇತ್ತಲ್ಲವಾ," ಅಂದ.

"ಇತ್ತು!" ಉಚ್ಚಂಗೆಮ್ಮ ಸುತ್ತಿಗೆ ಬಿಸಾಕಿದಳು. "ಆಕಿಗೆ ಐತಿ, ನನಗ ಇತ್ತು! ಇಷ್ಟು ವರ್ಷದಾಗ ಒಂದು ಮಾತು ಬಂತು ನಿನ್ನ ಬಾಯಾಗ, ಅದೂ ಹೋದ ಮ್ಯಾಲ."

"ಒಡದ ಗಡಿಗಿಗೆ ಐತಿ ಅಂತ ಹೆಂಗ ಅನ್ಲಿ?"

"ಹೆಣ್ಣು ತಿಗರಿ ಮುಟ್ಟಬಾರದು ಅಂತಿದ್ದಿ. ಈಕಿ ಏನು ಗಂಡಸೇನು? ಈಕಿಗೆ ನಿಂತು ನಕ್ಕೋತ ಹೇಳಿಕೊಟ್ಟಿ."

"ಅಯ್ಯ, ನನ್ಯಾಕ ನಡುವ ಎಳೀತಿ," ಅಂದಳು ಸುಜಾತಾ. ಆದರೆ ಅಲ್ಲಿಂದ ಕದಲಲಿಲ್ಲ.

ಹುಲುಗಣ್ಣ ಚೂರನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ನಿಂತ. ಆಮೇಲೆ ಅದಕ್ಕೇ ಹೇಳುವವನಂತೆ ಹೇಳಿದ. "ಈಕಿ ಬ್ಯಾರೇರ ಮಗಳು. ಈಕಿ ಕಲತ್ರ ನನ್ನ ಮನ್ಯಾಗ ಯಾರ ಮಾರಿನೂ ಸಣ್ಣದಾಗಂಗಿಲ್ಲ. ಹಂಪ್ಯಾಗ ಬರಂಗಿಲ್ಲ ಅಂತ ನನಗ ಮೊದಲಾ ಗೊತ್ತಿತ್ತು. ನಿನಗ ಬರ್ತೈತಿ ಅಂತನೂ ಗೊತ್ತಿತ್ತು. ನೀನು ತಟ್ಟೋದು ನೋಡಿದವಗ ಅದು ತಿಳೀದಿಲ್ಲೇನು? ನೀನು ಕುಂತಿದ್ರ ಅವ ಎಲ್ಲಿ ಹೋಗಬೇಕಾಗಿತ್ತವಾ?"

"ಅವ ಹೆಂಗಿದ್ರೂ ಹೋದ. ಟೆಂಪೋ ಹತ್ತಿ ಹೋದ."

"ಹೋದ," ಅಂದ ಹುಲುಗಣ್ಣ.

ಗೊತ್ತಿತ್ತಂತೆ. ಮೊದಲೇ ಗೊತ್ತಿತ್ತಂತೆ. ಆಗ ಉಚ್ಚಂಗೆಮ್ಮನಿಗೆ ಹೊಟ್ಟೆ ಉರಿದದ್ದು ಹಂಪೇಶನ ಮೇಲಲ್ಲ, ಸುಜಾತಾಳ ಮೇಲೂ ಅಲ್ಲ. ಆ ಅಂಗಳದಲ್ಲಿ ತಿಗರಿ ಮುಂದೆ ಕೂರಲು ಬಿಟ್ಟಿದ್ದರೆ ಆಗಿರುತ್ತಿದ್ದ ಇನ್ನೊಬ್ಬ ಉಚ್ಚಂಗೆಮ್ಮನ ಮೇಲೆ. ಅವಳು ಇಷ್ಟೊತ್ತಿಗೆ ಎಂಥೆಂಥಾ ಗಡಿಗೆ ಇಳಿಸಿರುತ್ತಿದ್ದಳೋ! ಊರೂರಿಂದ ಹುಡುಕಿಕೊಂಡು ಬರುತ್ತಿದ್ದರೋ ಏನೋ. ಆ ಹೆಂಗಸಿನ ಜೊತೆ ಜಗಳ ಕಾಯಲು ಅವಳ ಬಾಗಿಲಾದರೂ ಎಲ್ಲಿದೆ?

ಮೂಗು ಸೆರಗಿಗೆ ಒರೆಸಿಕೊಂಡಳು. ಮಣ್ಣಿನ ಚೀಲದ ಹತ್ತಿರ ಹೋಗಿ ದೊಡ್ಡದೊಂದು ಮುದ್ದೆ ಕಿತ್ತಳು. ತಿಗರಿಯ ಮುಂದೆ ಕೂತು ಗುಂಡಿ ಅದುಮಿ ಚಕ್ರವನ್ನು ಬಲಕ್ಕೆ ಬಿಟ್ಟಳು. ಭರತ್ ನೆಲದ ಚೂರು ಗುಡಿಸತೊಡಗಿದ. ಉಳಿದವರು ಭಟ್ಟಿಯಿಂದ ತಮ್ಮ ತಮ್ಮ ಲೋಟ ತಟ್ಟೆ ಇಳಿಸಿಕೊಳ್ಳತೊಡಗಿದರು.

ಆ ಕಡೆಯಿಂದ ಸುಜಾತಾ ಕರೆದಳು. "ಯಜ್ಜಾ, ಈ ಅಂಟಿದ ಚೂರು ತಗಿಯಾಕ ಬರ್ತೈತೇನು? ಇಲ್ಲಿ ಬಂದು ಸ್ವಲ್ಪ ನೋಡು."

ಹುಲುಗಣ್ಣ ಆ ಕಡೆ ಹೆಜ್ಜೆ ಎತ್ತಿದ.

"ಅಪ್ಪಾ!" ಚಕ್ರದ ಮೇಲಿಂದ ಕಣ್ಣೆತ್ತದೆ ಉಚ್ಚಂಗೆಮ್ಮ ಕೂಗಿದಳು. "ಅತ್ತಾಗ ಎಲ್ಲಿಗೆ ಹೊಂಟಿ? ಚೂರು ಆಕಿ ತಕ್ಕೋತಾಳ, ದಿನಾ ಹುಬ್ಬು ಕೀಳೋ ಆಕಿಗೆ ಅದು ಬರಂಗಿಲ್ಲೇನು? ಕುಂದ್ರು ಇಲ್ಲಿ."

ಹುಲುಗಣ್ಣ ಅತ್ತ ನೋಡಿದ, ಇತ್ತ ನೋಡಿದ. ಆಮೇಲೆ ಧೋತರ ಎತ್ತಿಕೊಂಡು ಬಂದು ಮಗಳ ತಿಗರಿಯ ಎದುರಿಗೆ, ಮಣ್ಣು ಸಿಡಿಯುವ ಜಾಗದಲ್ಲೇ, ನೆಲಕ್ಕೆ ಕೂತ.